ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮೋಟಾರ್‌ಹೋಮ್ ಪ್ರವಾಸ: ನಿವೃತ್ತ ದಂಪತಿಗೆ ಸಲಹೆ ಬೇಕು

ವಿರಾಜಪೇಟೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನಮ್ಮ ಮನೆಯವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಈಗ ಇರುವಷ್ಟು ಕಾಫಿ ತೋಟವನ್ನು ನೋಡಿಕೊಳ್ಳುತ್ತಿದ್ದಾರೆ. ಫ್ರಾನ್ಸಿನಲ್ಲಿ ಒಂದು ಮೋಟಾರ್‌ಹೋಮ್, ಅಂದರೆ ಮಲಗಲೂ ಅಡುಗೆಗೂ ಒಳಗೇ ವ್ಯವಸ್ಥೆ ಇರುವ ಗಾಡಿ, ಬಾಡಿಗೆಗೆ ಹಿಡಿದು, ಅಲ್ಲಿನ ಬೇಸಿಗೆಯ ಒಂದು ತಿಂಗಳನ್ನು ಹಳ್ಳಿಗಳ ಕಡೆಯೇ ಕಳೆಯಬೇಕೆಂಬುದು ನಮ್ಮಿಬ್ಬರ ಬಹುದಿನದ ಆಸೆ. ಮುಂದಿನ ವರ್ಷ ಹೇಗಾದರೂ ಹೊರಡುವುದೆಂದು ನಿಶ್ಚಯಿಸಿದ್ದೇವೆ.

ನಮಗೆ ದೊಡ್ಡ ಪಟ್ಟಣಗಳ ಮೇಲೆ ಅಂಥ ಒಲವಿಲ್ಲ. ಹೊಳೆದಂಡೆ, ಹಣ್ಣಿನ ತೋಟ, ವಾರದ ಸಂತೆ, ಹಸು ಸಾಕಿ ಬದುಕುವ ಜನ, ಇವನ್ನೆಲ್ಲ ಅವಸರವಿಲ್ಲದೆ ನೋಡಬೇಕು. ಆದರೆ ನಮ್ಮ ಸಂಬಂಧಿಕರೊಬ್ಬರು ಪ್ಯಾರಿಸ್, ಲುವಾರ್ ಕಣಿವೆಯ ಅರಮನೆಗಳು, ಬ್ರಿಟನಿ ಕರಾವಳಿ, ಬೋರ್ಡೋ, ಪಿರೆನೀಸ್, ಪ್ರೊವಾನ್ಸ್, ಆಲ್ಪ್ಸ್ ಎಂದು ಒಂದೇ ತಿಂಗಳಲ್ಲಿ ಮುಗಿಸುವ ಪಟ್ಟಿಯೊಂದನ್ನು ಬರೆದುಕೊಟ್ಟಿದ್ದಾರೆ. ಅದನ್ನು ಓದುವಾಗಲೇ ನನಗೆ ಆಯಾಸವಾಗುತ್ತದೆ. ನಮ್ಮ ಮನೆಯವರು ಘಟ್ಟದ ರಸ್ತೆಗಳಲ್ಲಿ ಜೀಪು ಓಡಿಸಿ ಪಳಗಿದವರಾದರೂ ರಸ್ತೆಯ ಬಲಬದಿಯಲ್ಲಿ ಗಾಡಿ ಓಡಿಸಿದವರಲ್ಲ. ನನಗೂ ಪರವಾನಗಿ ಇದೆ, ಸಣ್ಣ ಕಾರು ಓಡಿಸುತ್ತೇನೆ. ಎಷ್ಟು ದೊಡ್ಡ ಗಾಡಿ ಸರಿ, ರಾತ್ರಿ ಎಲ್ಲಿ ನಿಲ್ಲಿಸಬೇಕು, ಶೌಚಾಲಯದ ವ್ಯವಸ್ಥೆ ಏನು, ಅಡುಗೆಗೆ ಏನನ್ನು ಒಯ್ಯಬಹುದು, ಅಲ್ಲಿನ ಸೆಕೆ ನಮ್ಮಂಥವರಿಗೆ ತಡೆಯುವುದೇ, ಇವಿಷ್ಟನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಜೂನ್ ಮೊದಲ ವಾರದ ನಂತರ ತೋಟದ ಕೆಲಸ ಸ್ವಲ್ಪ ಬಿಡುವಾಗುವುದರಿಂದ ಆಗಲೇ ಹೊರಡಬಹುದು.

ಕಿಗ್ಗಟ್ಟುನಾಡು:

ಮೇಡಂ, ನಾನೂ ನನ್ನ ಪತ್ನಿಯೂ ನಿವೃತ್ತರಾದ ಮೇಲೆ ಇದೇ ರೀತಿ ಬಾಡಿಗೆ ಗಾಡಿಯಲ್ಲಿ ಫ್ರಾನ್ಸಿನ ನೈರುತ್ಯ ಭಾಗವನ್ನು ಸುತ್ತಿದವರು. ಆದ್ದರಿಂದ ಕಂಡದ್ದನ್ನೇ ಬರೆಯುತ್ತೇನೆ. ಆ ಪಟ್ಟಿಯನ್ನು ದಯವಿಟ್ಟು ಪಕ್ಕಕ್ಕಿಡಿ. ಫ್ರಾನ್ಸ್ ನಮ್ಮ ಕರ್ನಾಟಕದ ಸುಮಾರು ಮೂರರಷ್ಟು ದೊಡ್ಡ ದೇಶ. ಆ ಪಟ್ಟಿಯ ಪ್ರಕಾರ ಹೋದರೆ ನೀವು ನೋಡುವುದು ಹೆದ್ದಾರಿಯನ್ನು ಮಾತ್ರ. ನೀವು ಬರೆದಿರುವ ಹೊಳೆದಂಡೆ, ತೋಟ, ಸಂತೆ ಎಲ್ಲವೂ ದೊರ್ದೋನ್ ಮತ್ತು ಲಾಟ್ ಎಂಬ ಎರಡು ನದಿಗಳ ಕಣಿವೆಯಲ್ಲೇ ಇವೆ, ಮತ್ತು ಆ ಎರಡು ಕಣಿವೆಗಳಿಗೇ ಒಂದು ತಿಂಗಳು ಸಾಲದು.

ಪ್ಯಾರಿಸ್ಸಿನಲ್ಲಿ ಗಾಡಿ ಪಡೆಯಬೇಡಿ. ಹೊಸದಾಗಿ ಬಲಬದಿಯಲ್ಲಿ ಓಡಿಸುವವರು ಮೊದಲ ದಿನವೇ ಆ ಊರಿನ ಹೊರವರ್ತುಲ ರಸ್ತೆಗೆ ಬೀಳಬಾರದು. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ. ಅಲ್ಲಿಂದ ಬೋರ್ಡೋಗೆ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆಯ ಪ್ರಯಾಣ. ಒಂದೆರಡು ದಿನ ಹೋಟೆಲಿನಲ್ಲಿದ್ದು ನಿದ್ರೆ ಸರಿಹೋದ ಮೇಲೆ ಗಾಡಿಯನ್ನು ಬೋರ್ಡೋ ಹೊರವಲಯದಲ್ಲೇ ಪಡೆಯಿರಿ. ಬೋರ್ಡೋ ನಮ್ಮ ಬೆಳೆಗಾರರಿಗೆ ಅಪರಿಚಿತ ಊರೇನಲ್ಲ. ಮುಂಗಾರಿಗೆ ಮೊದಲು ಕಾಫಿಗೂ ಕರಿಮೆಣಸಿಗೂ ನಾವು ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹುಟ್ಟಿದ್ದು ಅದರ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ. ಮೆಡಾಕ್ ಸೀಮೆಯ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಅದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, ಪರೀಕ್ಷೆ ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ನಿಮ್ಮ ಮನೆಯವರು ಆ ತೋಟಗಳ ನಡುವೆ ಒಮ್ಮೆ ಖಂಡಿತ ನಡೆಯಬೇಕು.

ಗಾಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಇಬ್ಬರಿಗೆ 6 ಮೀಟರ್ ಉದ್ದದ ಕ್ಯಾಂಪರ್ ವ್ಯಾನ್ (ವ್ಯಾನಿನೊಳಗೇ ಮನೆ ಮಾಡಿದ ಸಣ್ಣ ಮೋಟಾರ್‌ಹೋಮ್) ಸಾಕು. ಏಳು ಮೀಟರಿನ, ಮೂರು ಮೀಟರ್ ಎತ್ತರದ ದೊಡ್ಡ ಗಾಡಿಯಲ್ಲಿ ಒಳಗೆ ಓಡಾಡಲು ಹಿತವಾಗಿರುತ್ತದೆ, ನಿಜ; ಆದರೆ ಕಲ್ಲುಮನೆಗಳ ನಡುವಿನ ಹಳ್ಳಿಬೀದಿಗೆ ಅದು ನುಗ್ಗುವುದಿಲ್ಲ, ಮತ್ತು ನೀವು ಹೋಗುತ್ತಿರುವುದು ಹಳ್ಳಿಗಳಿಗಾಗಿ. ಬಾಡಿಗೆಗೆ ಸಿಗುವ ಹೆಚ್ಚಿನ ಗಾಡಿಗಳು ಫಿಯೆಟ್ ಡುಕಾಟೊ ಚಾಸಿಯ ಮೇಲೆ ಕಟ್ಟಿದ ಡೀಸೆಲ್ ಗಾಡಿಗಳು, ತೂಕ 3,500 ಕೆ.ಜಿ.ಯೊಳಗೆ. ಕಾರ್ ಪಾರ್ಕಿಂಗುಗಳ ಬಾಗಿಲಲ್ಲಿ ಸುಮಾರು ಎರಡು ಮೀಟರ್ ಎತ್ತರಕ್ಕೆ ಕಬ್ಬಿಣದ ಅಡ್ಡಪಟ್ಟಿ ಇರುವುದು ಅಲ್ಲಿ ಸಾಮಾನ್ಯ. ಚಾವಣಿಗೆ ಆದ ಹಾನಿಯನ್ನು ಹಲವು ಬಾಡಿಗೆ ಒಪ್ಪಂದಗಳಲ್ಲಿ ವಿಮೆಯಿಂದ ಹೊರಗಿಟ್ಟಿರುತ್ತಾರೆ. ಆದ್ದರಿಂದ ಗಾಡಿಯ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಚಾಲಕನ ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ಪಂಪಿನಲ್ಲಿ ಡೀಸೆಲ್ ನಳಿಕೆಯ ಮೇಲೆ ಗಾಝೋಲ್ ಎಂದು ಬರೆದಿರುತ್ತದೆ. ಎಸಾನ್ಸ್ ಎಂದಿದ್ದರೆ ಅದು ಪೆಟ್ರೋಲು. ಸೂಪರ್ ಮಾರ್ಕೆಟ್‌ಗಳಿಗೆ ಸೇರಿದ ಪಂಪುಗಳಲ್ಲಿ ಬೆಲೆ ಕಡಿಮೆ.

ಇನ್ನು ಚಾಲನೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಇರುವ ಕ್ರಮ ನಮ್ಮದೇ; ಗೇರ್ ಮಾತ್ರ ಬಲಗೈಗೆ ಬರುತ್ತದೆ, ಅದು ಬೇಗ ರೂಢಿಯಾಗುತ್ತದೆ. ಎಚ್ಚರ ಬೇಕಾಗುವುದು ಬೆಳಗ್ಗೆ ಖಾಲಿ ಜಾಗದಿಂದ ಖಾಲಿ ರಸ್ತೆಗೆ ಇಳಿಯುವಾಗ. ಎದುರಿನಿಂದ ಗಾಡಿ ಬರುತ್ತಿದ್ದರೆ ತಾನಾಗಿಯೇ ನೆನಪಾಗುತ್ತದೆ, ಯಾರೂ ಇಲ್ಲದಾಗ ಕೈ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕುಳಿತವರು ಪ್ರತಿ ಸಲ ಹೊರಡುವಾಗ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ಹಳ್ಳಿಯ ಹೆಸರಿರುವ ಕೆಂಪು ಅಂಚಿನ ಬಿಳಿ ಫಲಕ ಬಂದಲ್ಲಿಂದ ವೇಗದ ಮಿತಿ 50 ಕಿ.ಮೀ.; ಅದೇ ಹೆಸರಿನ ಮೇಲೆ ಅಡ್ಡಗೆರೆ ಎಳೆದ ಫಲಕ ಬಂದಾಗ ಅದು ಮುಗಿಯುತ್ತದೆ. ನಡುವೆ ವಿಭಜಕವಿಲ್ಲದ ಹೊರರಸ್ತೆಗಳಲ್ಲಿ 2018ರಿಂದ ಸಾಮಾನ್ಯ ಮಿತಿ 80, ಕೆಲವು ಜಿಲ್ಲೆಗಳವರು ಆಮೇಲೆ ಅದನ್ನು 90ಕ್ಕೆ ಮರಳಿಸಿದ್ದಾರೆ. ನಮ್ಮವರಿಗೆ ಎಲ್ಲಕ್ಕಿಂತ ಹೊಸದೆನಿಸುವ ನಿಯಮ ಬಲಬದಿಯ ಆದ್ಯತೆ. ಊರೊಳಗೆ ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ನಿಮ್ಮ ಬಲಕ್ಕಿರುವ ಸಣ್ಣ ಓಣಿಯಿಂದ ಬರುವವರಿಗೂ ನೀವು ದಾರಿ ಬಿಡಬೇಕು. ಅವರು ನಿಲ್ಲದೆ ನೇರ ಬಂದುಬಿಡುತ್ತಾರೆ, ಮತ್ತು ತಪ್ಪು ನಿಮ್ಮದಾಗುತ್ತದೆ. ಹಳದಿ ವಜ್ರಾಕಾರದ ಫಲಕ ಇರುವ ರಸ್ತೆಯಲ್ಲಿ ಆದ್ಯತೆ ನಿಮ್ಮದು, ಅದರ ಮೇಲೆ ಕಪ್ಪು ಗೆರೆ ಬಂದರೆ ಆ ಆದ್ಯತೆ ಅಲ್ಲಿಗೆ ಮುಗಿಯಿತು. ವೃತ್ತಗಳಲ್ಲಿ ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಟ್ಟು, ನಮ್ಮ ಅಭ್ಯಾಸಕ್ಕೆ ವಿರುದ್ಧವಾಗಿ, ಬಲಕ್ಕೆ ತಿರುಗಿ ಪ್ರವೇಶಿಸಬೇಕು.

ರಾತ್ರಿ ನಿಲ್ಲಲು ಅಲ್ಲಿ ಇರುವಷ್ಟು ಅನುಕೂಲ ಬೇರೆ ಎಲ್ಲೂ ಇಲ್ಲವೆಂದು ನನ್ನ ನಂಬಿಕೆ. ಬಹಳಷ್ಟು ಊರುಗಳ ಪಂಚಾಯಿತಿಗಳೇ ಮೋಟಾರ್‌ಹೋಮ್‌ಗಳಿಗಾಗಿ ತಂಗುದಾಣ ಮಾಡಿವೆ. ಅದಕ್ಕೆ ಫ್ರೆಂಚಿನಲ್ಲಿ ಏರ್ ಎನ್ನುತ್ತಾರೆ, ಹಾಗೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಲಾ ರೋಕ್ ಗಜಾಕ್ ಎಂಬ ಊರಿನಲ್ಲಿ ಅದು ದೊರ್ದೋನ್ ನದಿಯ ಪಕ್ಕದಲ್ಲೇ ಇದೆ, ಬೆನ್ನಿಗೆ ಬಂಡೆಗೆ ಅಂಟಿದ ಮನೆಗಳ ಸಾಲು. ಇದಲ್ಲದೆ 1993ರಲ್ಲಿ ಆರಂಭವಾದ ಫ್ರಾನ್ಸ್ ಪಾಸಿಯೋಂ ಎಂಬ ಜಾಲವಿದೆ. ವಾರ್ಷಿಕ ಸದಸ್ಯತ್ವ ಪಡೆದು ಅವರ ಚೀಟಿಯನ್ನು ಗಾಜಿಗೆ ಅಂಟಿಸಿಕೊಂಡವರಿಗೆ ರೈತರು, ದ್ರಾಕ್ಷಿ ಬೆಳೆಗಾರರು, ಗಿಣ್ಣು (ಚೀಸ್) ತಯಾರಿಸುವವರು ತಮ್ಮ ಜಮೀನಿನಲ್ಲಿ 24 ಗಂಟೆ ಉಚಿತವಾಗಿ ತಂಗಲು ಬಿಡುತ್ತಾರೆ. ಬಂದಾಗ ನಮಸ್ಕಾರ, ಹೊರಡುವಾಗ ವಿದಾಯ ಹೇಳಬೇಕು, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ನಾವು ವಾಲ್‌ನಟ್ ಬೆಳೆಗಾರರೊಬ್ಬರ ಅಂಗಳದಲ್ಲಿ ನಿಂತಿದ್ದೆವು. ಕಾಯಿ ಕೊಯ್ಯುವುದು ಸೆಪ್ಟೆಂಬರ್ ಕೊನೆಯ ನಂತರವಾದ್ದರಿಂದ ಆಗ ಮರದಲ್ಲಿ ಹಸಿರು ಕಾಯಿಗಳೇ ಇದ್ದವು. ಕಾಯಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದು ತೋರಿಸಿದ ಆ ಹಿರಿಯರ ಬೆರಳುಗಳು ಕಂದು ಕಲೆಗಟ್ಟಿದ್ದವು. ನಾನು ಫೋನಿನಲ್ಲಿ ನಮ್ಮ ಕಾಫಿ ಗಿಡ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳ ಚಿತ್ರ ತೋರಿಸಿದೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ನೆರಳು, ರೋಗ, ಕೂಲಿಯಾಳಿನ ಅಭಾವ, ಇವೆಲ್ಲ ಅನುವಾದದ ಆ್ಯಪ್ ಮೂಲಕ ಕತ್ತಲಾಗುವವರೆಗೂ ಮಾತಿಗೆ ಬಂದವು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ.

ಶೌಚಾಲಯದ ಬಗ್ಗೆ ಕೇಳಿದ್ದೀರಿ. ಹಿಂಜರಿಕೆ ಬೇಡ, ಅದು ಸ್ವಚ್ಛವಾದ ಏರ್ಪಾಡು. ಕಮೋಡಿನ ಕೆಳಗೆ ಸುಮಾರು 18 ಲೀಟರಿನ ಮುಚ್ಚಿದ ಪೆಟ್ಟಿಗೆ ಇರುತ್ತದೆ. ಗಾಡಿಯ ಹೊರಮೈಯಲ್ಲಿ ಅದಕ್ಕೊಂದು ಸಣ್ಣ ಬಾಗಿಲು. ಇಬ್ಬರಿಗೆ ಎರಡು ಮೂರು ದಿನಕ್ಕೊಮ್ಮೆ ಅದನ್ನು ಹೊರಗೆಳೆದು, ತಂಗುದಾಣದ ಗುಂಡಿಯ ಬಳಿಗೆ ಒಯ್ದು, ಕೊಳವೆಯ ಮುಚ್ಚಳ ಬಿಚ್ಚಿ ಬಗ್ಗಿಸಬೇಕು. ಬಗ್ಗಿಸುವಾಗ ಪೆಟ್ಟಿಗೆಯ ಹಿಂಬದಿಯ, ಗಾಳಿ ಒಳಬಿಡುವ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಒಂದೇ ಧಾರೆಯಾಗಿ ಬೀಳುತ್ತದೆ, ಸಿಡಿಯುವುದಿಲ್ಲ. ಆಮೇಲೆ ಅಲ್ಲಿಯೇ ಇರುವ ತೊಳೆಯುವ ನಲ್ಲಿಯಲ್ಲಿ ಕುಲುಕಿ ತೊಳೆದು, ಸ್ವಲ್ಪ ನೀರು ಮತ್ತು ನೀಲಿ ದ್ರಾವಣ ಹಾಕಿ ಒಳಗೆ ಸೇರಿಸಿದರೆ ಮುಗಿಯಿತು. ಕುಡಿಯುವ ನೀರಿನ ನಲ್ಲಿ ಬೇರೆಯೇ ಇರುತ್ತದೆ; ಅದರ ಬಳಿಗೆ ಈ ಪೆಟ್ಟಿಗೆಯನ್ನು ತರುವುದು ದೊಡ್ಡ ಅಪಚಾರ.

ಹಾರಂಗಿ ದಡ:

ಮೇಡಂ, ನನ್ನ ಮಗಳ ಸಂಸಾರ ತುಲೂಸ್ ನಗರದಲ್ಲಿರುವುದರಿಂದ ನಾನು ಬೇಸಿಗೆಯಲ್ಲಿ ಆ ಕಡೆ ಇರುವುದುಂಟು. ಮೇಲಿನ ಉತ್ತರದಲ್ಲಿ ಬಹಳಷ್ಟನ್ನು ನಾನು ಒಪ್ಪುತ್ತೇನೆ, ಆದರೆ ರೈತರ ಅಂಗಳದಲ್ಲಿ ತಂಗುವುದರ ಮೇಲೆಯೇ ಪೂರ್ತಿ ಭಾರ ಹಾಕಬೇಡಿ. ಅಲ್ಲಿ ಸಾಮಾನ್ಯವಾಗಿ ವಿದ್ಯುತ್ತಾಗಲಿ ಸ್ನಾನದ ಮನೆಯಾಗಲಿ ಇರುವುದಿಲ್ಲ. ಸಣ್ಣ ಊರುಗಳಲ್ಲಿ ಪಂಚಾಯಿತಿಯವರೇ ನಡೆಸುವ ಕ್ಯಾಂಪಿಂಗ್ ಮೈದಾನಗಳು ಬಹಳ ಇವೆ. ಮರದ ನೆರಳು, ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಯಂತ್ರ, ಪಕ್ಕದಲ್ಲಿ ಹೆಚ್ಚಾಗಿ ಒಂದು ಹೊಳೆ. ನಮ್ಮ ವಯಸ್ಸಿನವರು ಎರಡು ರಾತ್ರಿ ಹೊರಗೆ ಕಳೆದರೆ ಮೂರನೆಯದನ್ನು ಇಂಥಲ್ಲಿ ಕಳೆಯಬೇಕು. ಮೇಜು ಕುರ್ಚಿ ಹೊರಗಿಟ್ಟು, ಗಾಡಿಯ ಪಕ್ಕದ ನೆರಳಿನ ಪರದೆ ಬಿಚ್ಚಿ ಕೂರಲು ಅಲ್ಲಿ ಅವಕಾಶವಿದೆ. ಬರೀ ವಾಹನ ನಿಲ್ದಾಣದಲ್ಲಿ ಹಾಗೆ ಮಾಡುವಂತಿಲ್ಲ.

ಅಡುಗೆ ಗ್ಯಾಸಿನ ಒಲೆಯ ಮೇಲೆಯೇ ಆಗಲಿ. ಕ್ಯಾಂಪಿಂಗಿನ ವಿದ್ಯುತ್ ಎಷ್ಟೋ ಕಡೆ 6 ಆಂಪಿಯರ್ ಮಾತ್ರ, ಅಂದರೆ 1,400 ವ್ಯಾಟ್‌ಗೂ ಕಡಿಮೆ. ನೀರು ಕಾಯಿಸುವ ಕೆಟಲ್ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಸಣ್ಣ ಕುಕ್ಕರ್ ಒಂದನ್ನು ಮನೆಯಿಂದಲೇ ಒಯ್ಯಿರಿ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಹೊರದೇಶದ ಪ್ರಯಾಣಿಕರು ಯುರೋಪಿಗೆ ತರುವಂತಿಲ್ಲ. ಒಣಗಿಸಿದ ಹಂದಿ ಮಾಂಸವೂ ಇಲ್ಲ, ತುಪ್ಪವೂ ಇಲ್ಲ. ಕರಿಬೇವಿನ ಹಸಿ ಸೊಪ್ಪನ್ನೂ ಬಿಡಿ. ಹುರಿದ ಮಸಾಲೆ ಪುಡಿ, ಮೆಣಸು, ನಮ್ಮ ಕಾಫಿ ಪುಡಿ, ಬಿಗಿಯಾಗಿ ಮುಚ್ಚಿದ ಒಂದು ಸಣ್ಣ ಬಾಟಲಿ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ), ಇವಿಷ್ಟು ಚೆಕ್-ಇನ್ ಬ್ಯಾಗಿನಲ್ಲಿ ಹೋದರೆ ಸಾಕು. ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಅಲ್ಲಿ ಸಿಗುತ್ತವೆ. ದೊರ್ದೋನ್ ಸೀಮೆಯ ಸಾರ್ಲಾ ಪಟ್ಟಣದ ಸಂತೆ ಬುಧವಾರ ಮತ್ತು ಶನಿವಾರ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಬೇಕಾದರೆ ಒಂಬತ್ತಕ್ಕೆ ಮೊದಲೇ ಸೇರಬೇಕು. ಏಪ್ರಿಕಾಟ್, ಪೀಚ್, ಖರಬೂಜ, ಮೇಕೆಹಾಲಿನ ಪುಟ್ಟ ಗಿಣ್ಣು, ಎಲ್ಲವೂ ಆ ಕಾಲಕ್ಕೆ ರುಚಿಯ ತುದಿಯಲ್ಲಿರುತ್ತವೆ. ಖರಬೂಜ ಮಾರುವವರು ‘ಇವತ್ತಿಗೋ, ನಾಳೆಗೋ’ ಎಂದು ಕೇಳಿ, ತೊಟ್ಟಿನ ಸುತ್ತ ಬಿರುಕು ಬಿಟ್ಟಿದೆಯೇ ಎಂದು ನೋಡಿ, ಮೂಸಿ ಆರಿಸಿಕೊಡುತ್ತಾರೆ.

ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡಕ್ಕೋ ಹನ್ನೆರಡೂವರೆಗೋ ಬಾಗಿಲು ಹಾಕಿ ಎರಡರ ಮೇಲೆಯೇ ತೆರೆಯುವುದು. ಭಾನುವಾರ ಮಧ್ಯಾಹ್ನದ ನಂತರ ಏನೂ ಸಿಗದು, ಸೋಮವಾರ ಎಷ್ಟೋ ಬೇಕರಿಗಳಿಗೆ ರಜೆ. ಆದ್ದರಿಂದ ಶನಿವಾರವೇ ಸಾಮಾನು ಕೊಂಡಿಟ್ಟುಕೊಳ್ಳಿ.

ಸೆಕೆಯನ್ನು ಹಗುರವಾಗಿ ಎಣಿಸಬೇಡಿ. 2019ರ ಜೂನ್ 28ರಂದು ದಕ್ಷಿಣದ ಎರೋ ಜಿಲ್ಲೆಯಲ್ಲಿ 46 ಡಿಗ್ರಿ ದಾಖಲಾಗಿತ್ತು. ಅಂಥ ಅಲೆ ವರ್ಷವೂ ಬರಬೇಕೆಂದಿಲ್ಲ, ಆದರೆ ಬಂದರೆ ಲೋಹದ ಗಾಡಿಯೊಳಗೆ ಮಲಗುವುದು ಕಷ್ಟ, ಮತ್ತು ಚಾಲಕನ ಕಡೆಯ ಎಸಿ ಇಂಜಿನ್ ಓಡುವಾಗ ಮಾತ್ರ ಕೆಲಸ ಮಾಡುತ್ತದೆ. ಹಾಗಾದಲ್ಲಿ ಪೂರ್ವಕ್ಕೆ ಹೊರಟು ಓಬ್ರಾಕ್ ಪ್ರಸ್ಥಭೂಮಿಗೆ ಏರಿ. ಅದರ ಬಹುಭಾಗ ಸಾವಿರ ಮೀಟರಿಗಿಂತ ಮೇಲೆ, ಹೆಚ್ಚುಕಡಿಮೆ ನಮ್ಮ ಮಡಿಕೇರಿಯ ಎತ್ತರದಲ್ಲಿದೆ. ರಾತ್ರಿ ಕಂಬಳಿ ಬೇಕಾಗುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಕಾಣುವ ಗೋಧಿಬಣ್ಣದ ಹಸುಗಳು ಬೇಸಿಗೆಯಿಡೀ ಅಲ್ಲಿ ಮೇಯುತ್ತವೆ. ಜುಲೈ ಎರಡನೇ ವಾರದಿಂದ ಆಗಸ್ಟ್ ಮುಗಿಯುವವರೆಗೆ ಶಾಲೆಗಳ ರಜೆಯ ದಟ್ಟಣೆ ಇರುವುದರಿಂದ ನೀವು ಹೇಳಿದ ಜೂನ್ ತಿಂಗಳೇ ಉತ್ತಮ.

ಮಂಜಿನ ಮಡಿಕೇರಿ:

ಕಾಗದಪತ್ರಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸಂಕ್ಷಿಪ್ತವಾಗಿ ತಿಳಿಸುತ್ತೇನೆ. ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಮೋಟಾರ್‌ಹೋಮ್‌ನಲ್ಲಿ ಹೋಗುವವರಿಗೆ ಹೋಟೆಲ್ ಕಾಯ್ದಿರಿಸಿದ ದಾಖಲೆ ಇರುವುದಿಲ್ಲವಾದ್ದರಿಂದ ಗಾಡಿಯ ಬಾಡಿಗೆ ಒಪ್ಪಂದ, ಕೆಲವು ಕ್ಯಾಂಪಿಂಗ್ ಮೈದಾನಗಳ ಮುಂಗಡ ರಸೀದಿ ಮತ್ತು ದಿನವಹಿ ಮಾರ್ಗದ ವಿವರ ಜೊತೆಗಿಡಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಡಿಕೇರಿಯ ಸಾರಿಗೆ ಕಚೇರಿಯಲ್ಲೇ ಪಡೆಯಬಹುದು; ಅದರ ಅವಧಿ ಒಂದು ವರ್ಷ, ಮೂಲ ಪರವಾನಗಿಯೂ ಜೊತೆಗಿರಬೇಕು. ಕೆಲವು ಬಾಡಿಗೆ ಕಂಪನಿಗಳಿಗೆ ಚಾಲಕರ ಗರಿಷ್ಠ ವಯಸ್ಸಿನ ಮಿತಿ ಇದೆ, ಮತ್ತು ಠೇವಣಿಗೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಮುಂಗಡ ಕಟ್ಟುವ ಮೊದಲೇ ಈ ಎರಡನ್ನೂ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ವಿರಾಜಪೇಟೆ ಟೀಚರ್:

ನೀವೆಲ್ಲರೂ ಇಷ್ಟು ಮನಸ್ಸಿಟ್ಟು ಬರೆದಿರುವುದಕ್ಕೆ ನಮ್ಮಿಬ್ಬರ ಕೃತಜ್ಞತೆಗಳು. ಬೋರ್ಡೋ ದ್ರಾವಣದ ವಿಷಯವನ್ನು ಓದಿ ಹೇಳಿದಾಗ ನಮ್ಮ ಮನೆಯವರು ಮೆಡಾಕ್ ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕಿ ಗುರುತು ಹಾಕಿದ್ದಾರೆ. ಸಂಬಂಧಿಕರ ಪಟ್ಟಿಯನ್ನು ಅವರೇ ಎತ್ತಿಟ್ಟರು. ಇನ್ನೆರಡು ಸಂದೇಹಗಳಿವೆ. ನನಗೆ ಮಂಡಿನೋವು ಇರುವುದರಿಂದ ಏಣಿ ಹತ್ತಿ ಮಲಗಲಾಗದು. ಸಣ್ಣ ವ್ಯಾನಿನಲ್ಲಿ ಹಾಸಿಗೆ ಹೇಗಿರುತ್ತದೆ? ಮತ್ತೆ, ಮಳೆಗಾಲದ ಒಂದು ತಿಂಗಳು ಮನೆಗೆ ಬೀಗ ಹಾಕಿ ಹೋಗುವುದಕ್ಕೆ ಮನಸ್ಸು ಅಂಜುತ್ತದೆ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಗುಡ್ಡಗಳು ಕುಸಿದದ್ದನ್ನು ಕಣ್ಣಾರೆ ಕಂಡ ಮೇಲೆ ಮಳೆಯೆಂದರೆ ಮೊದಲಿನ ಧೈರ್ಯ ಉಳಿದಿಲ್ಲ.

ಕಿಗ್ಗಟ್ಟುನಾಡು:

ಹಾಸಿಗೆಯ ಬಗ್ಗೆ: ಹಿಂಭಾಗದಲ್ಲಿ ಸದಾ ಹಾಸಿಯೇ ಇರುವ ಮಂಚದ ಮಾದರಿಯನ್ನು ಕೇಳಿ ಪಡೆಯಿರಿ. ಚಾಲಕನ ತಲೆಯ ಮೇಲಿನ ಅಟ್ಟದಲ್ಲಿ ಮಲಗುವ ಮಾದರಿಯೂ, ಸೂರಿನಿಂದ ಕೆಳಗಿಳಿಸುವ ಹಾಸಿಗೆಯ ಮಾದರಿಯೂ ನಿಮಗೆ ಆಗದು. ಹಿಂಭಾಗದ ಮಂಚವೂ ಸೊಂಟದ ಎತ್ತರಕ್ಕಿರುತ್ತದೆ, ಎರಡು ಮೆಟ್ಟಿಲು ಹತ್ತಬೇಕಾಗುತ್ತದೆ. ಅದೂ ಕಷ್ಟವೆನಿಸಿದರೆ ಮಾತ್ರ ತಗ್ಗಿನ ಜೋಡಿ ಮಂಚಗಳಿರುವ ಸ್ವಲ್ಪ ಉದ್ದದ ಗಾಡಿಯನ್ನು ಆರಿಸಿ; ಉದ್ದದ ಬಗ್ಗೆ ನಾನು ಹೇಳಿದ್ದಕ್ಕಿಂತ ನಿಮ್ಮ ಮಂಡಿ ಮುಖ್ಯ. ನಿಮ್ಮ ಹೆಸರನ್ನೂ ಎರಡನೇ ಚಾಲಕಿಯಾಗಿ ಒಪ್ಪಂದದಲ್ಲಿ ಸೇರಿಸಿ. ದಿನವೂ ಓಡಿಸಬೇಕೆಂದಲ್ಲ, ಅವರಿಗೆ ಜ್ವರ ಬಂದ ದಿನ ಗಾಡಿ ಹಾದಿಯಲ್ಲಿ ನಿಲ್ಲಬಾರದು.

ಮನೆಯ ಬಗ್ಗೆ ನಿಮ್ಮ ಅಂಜಿಕೆ ನ್ಯಾಯವಾದದ್ದೇ. ನಾವು ಮಾಡಿದ್ದನ್ನು ಹೇಳುತ್ತೇನೆ. ಹೊರಡುವ ಮೊದಲು ಮನೆಯ ಹಿಂದಿನ ಬರೆಯ (ಕಡಿದ ಗುಡ್ಡದ ಅಂಚಿನ) ಚರಂಡಿಯನ್ನು ಬಿಡಿಸಿ, ಮಾಡಿಗೆ ಬಾಗಿದ ಕೊಂಬೆಗಳನ್ನು ಕಡಿಸಿದೆವು. ಬೀಗ ಹಾಕಿ ಹೋಗಲಿಲ್ಲ. ನಮ್ಮ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಸಂಸಾರ ಸಮೇತ ಹೊರಕೋಣೆಯಲ್ಲಿ ಉಳಿದು, ಎರಡು ದಿನಕ್ಕೊಮ್ಮೆ ಒಲೆಗೆ ಬೆಂಕಿ ಹಾಕಿ ಕಿಟಕಿ ತೆರೆದದ್ದರಿಂದ ಬಟ್ಟೆಬರೆಗೆ ಬೂಷ್ಟು ಹಿಡಿಯಲಿಲ್ಲ. ಜೂನ್ ಎರಡನೇ ವಾರ ಹೊರಟು ಜುಲೈ ಮಧ್ಯದ ಹೊತ್ತಿಗೆ, ಕೊಡವರ ಮಳೆಗಾಲದ ತಿಂಗಳಾದ ಕಕ್ಕಡ ಹುಟ್ಟುವ ಮೊದಲು, ವಾಪಸಾಗುವಂತೆ ಟಿಕೆಟ್ ಮಾಡಿಸಿ. ಜೋರು ಮಳೆಗೆ ನೀವು ಮನೆಯಲ್ಲಿರುತ್ತೀರಿ, ಆ ತಿಂಗಳಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸವೂ ತಪ್ಪುವುದಿಲ್ಲ. ವಿಮಾನ ಬೆಂಗಳೂರಿನಿಂದಲಾದರೂ ಕಣ್ಣೂರಿನಿಂದಲಾದರೂ ಒಂದು ದಿನ ಮೊದಲೇ ಆ ಊರು ಸೇರಿಕೊಳ್ಳಿ. ಮಳೆಗಾಲದಲ್ಲಿ ಕಣ್ಣೂರಿನ ಕಡೆಗೆ ಇಳಿಯುವ ಮಾಕುಟ್ಟದ ಘಟ್ಟದ ರಸ್ತೆಯನ್ನು ನಂಬಿ ಅದೇ ದಿನ ಹೊರಡುವುದು ಸರಿಯಲ್ಲ.